ಹಣದ ನೆರವು ಬೇಕಿರುವವರಿಗೆ ಅಮೆರಿಕದ ಕಾಲೇಜು: ಮೈಸೂರಿನವರಿಗೆ ಸಿಗುವ ಸಲಹಾ ಸೇವೆಗಳ ವಿಮರ್ಶೆ

ಅಮೆರಿಕದಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳ ಲೆಕ್ಕವನ್ನು ಪ್ರತಿವರ್ಷ ಪ್ರಕಟಿಸುವ ಓಪನ್ ಡೋರ್ಸ್ ವರದಿಯ ಪ್ರಕಾರ 2023–24ನೇ ಸಾಲಿನಲ್ಲಿ ಅಲ್ಲಿದ್ದ ಭಾರತೀಯರು 3,31,602 ಮಂದಿ. ಅವರಲ್ಲಿ ಪದವಿ ತರಗತಿಗಳಲ್ಲಿ ಇದ್ದವರು 36,053 ಮಂದಿ ಮಾತ್ರ. ಉಳಿದವರಲ್ಲಿ ಬಹುಪಾಲು ಜನ ಇಲ್ಲಿ ಬಿ.ಇ. ಮುಗಿಸಿ ಎಂ.ಎಸ್. ಓದಲು ಹೋದವರು, ಇಲ್ಲವೇ ಓದು ಮುಗಿಸಿ ತರಬೇತಿಯ ಅವಧಿಯಲ್ಲಿ ಅಲ್ಲಿಯೇ ಕೆಲಸ ಮಾಡುತ್ತಿರುವವರು. ಮೈಸೂರಿನಲ್ಲಿ ವಿದೇಶ ವ್ಯಾಸಂಗದ ಫಲಕ ಹಾಕಿಕೊಂಡಿರುವ ಕನ್ಸಲ್ಟೆನ್ಸಿಗಳಿಗೆ ಚೆನ್ನಾಗಿ ಪರಿಚಯವಿರುವುದೂ ಬ್ಯಾಂಕಿನ ಸಾಲವನ್ನು ನೆಚ್ಚಿಕೊಂಡ ಈ ಎಂ.ಎಸ್. ದಾರಿಯೇ. ದ್ವಿತೀಯ ಪಿ.ಯು. ಮುಗಿಸಿ ನೇರವಾಗಿ ಪದವಿಗೆ ಹೋಗಬೇಕೆಂದಿರುವ, ಮನೆಯಲ್ಲಿ ಅಷ್ಟು ಹಣವಿಲ್ಲದ, ಸಾಲ ಕೇಳಿದರೆ ಜಾಮೀನಿಗೆ ಜಮೀನು ಇಡಬೇಕಾದ ಮಕ್ಕಳ ದಾರಿಯೇ ಬೇರೆ. ಆ ದಾರಿಯ ಬಗ್ಗೆ ಸರಿಯಾದ ಸಲಹೆ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂಬುದನ್ನು ಈ ಬರಹದಲ್ಲಿ ವಿವರವಾಗಿ ಹೇಳಬಯಸುತ್ತೇನೆ.

ನಾನು ಮೈಸೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕಿ. ಮದ್ದೂರು ತಾಲ್ಲೂಕಿನಲ್ಲಿ ಕಬ್ಬು ಮತ್ತು ಭತ್ತ ಬೆಳೆಯುವ ನನ್ನ ಅಣ್ಣನ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ಪಿ.ಯು. ಓದಿದಳು. ಅವಳಿಗೆ ಅಮೆರಿಕದಲ್ಲಿ ಜೀವವಿಜ್ಞಾನ ಓದುವ ಆಸೆಯಿತ್ತು, ಅಂಕಗಳೂ ಇದ್ದವು. ಇಲ್ಲದಿದ್ದುದು ಹಣ. ಅವಳಿಗಾಗಿ ನಾವು ಎರಡು ಬಗೆಯ ಸೇವೆಗಳನ್ನು ಬಳಸಿದೆವು. ಒಂದು, ಮೈಸೂರಿನದೇ ಆದ, ಹಣ ತೆಗೆದುಕೊಳ್ಳುವ ಕನ್ಸಲ್ಟೆನ್ಸಿ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇನ್ನೊಂದು, ಅಮೆರಿಕ ಸರ್ಕಾರದ ವಿದೇಶಾಂಗ ಇಲಾಖೆಯ ಬೆಂಬಲದಿಂದ ನಡೆಯುವ ಎಜುಕೇಷನ್‌ಯುಎಸ್‌ಎ ಎಂಬ ಉಚಿತ ಸಲಹಾ ಜಾಲ. ಇವೆರಡರ ಜೊತೆಗೆ, ನೆರವು ಕೇಳುವವರಲ್ಲಿ ಬಹಳಷ್ಟು ಮಂದಿ ಒಂದಲ್ಲ ಒಂದು ಹಂತದಲ್ಲಿ ಎದುರಿಸಬೇಕಾದ, ಮನೆಯ ಹಣಕಾಸಿನ ವಿವರ ಕೇಳುವ ಸಿ.ಎಸ್.ಎಸ್. ಪ್ರೊಫೈಲ್ ಎಂಬ ಅರ್ಜಿಯ ಬಗ್ಗೆಯೂ ಬರೆಯುತ್ತೇನೆ, ಏಕೆಂದರೆ ಮಂಡ್ಯ ಜಿಲ್ಲೆಯ ರೈತ ಕುಟುಂಬಕ್ಕೆ ಹೆಚ್ಚು ಕಷ್ಟ ಕೊಡುವುದು ಅದೇ.

ಮೊದಲು ಕನ್ಸಲ್ಟೆನ್ಸಿಯ ವಿಷಯ. ಕಚೇರಿ ಅಚ್ಚುಕಟ್ಟಾಗಿತ್ತು, ಸಿಬ್ಬಂದಿ ವಿನಯದಿಂದ ಮಾತನಾಡಿದರು, ಅಣ್ಣನಿಗೆ ಅರ್ಥವಾಗುವಂತೆ ಕನ್ನಡದಲ್ಲಿಯೇ ವಿವರಿಸಿದರು. ಇದನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಇಂಥ ಕಚೇರಿಗಳಲ್ಲಿ ಪಂಚೆ ಉಟ್ಟ ಅಪ್ಪಂದಿರನ್ನು ಪಕ್ಕಕ್ಕಿಟ್ಟು ಮಗುವಿನೊಡನೆ ಮಾತ್ರ ಇಂಗ್ಲಿಷಿನಲ್ಲಿ ಮಾತನಾಡುವುದನ್ನೂ ನೋಡಿದ್ದೇನೆ. ಆದರೆ ಅವರು ಕೊಟ್ಟ ಪಟ್ಟಿಯನ್ನು ಮನೆಗೆ ತಂದು ಒಂದೊಂದಾಗಿ ಪರಿಶೀಲಿಸಿದಾಗ ಅದು ನೆರವು ಬೇಕಿರುವ ವಿದ್ಯಾರ್ಥಿನಿಗಾಗಿ ಮಾಡಿದ ಪಟ್ಟಿಯಲ್ಲವೆಂಬುದು ಸ್ಪಷ್ಟವಾಯಿತು. ಅದರಲ್ಲಿದ್ದ ಬಹುಪಾಲು ಸಂಸ್ಥೆಗಳು ಮಧ್ಯಮ ದರ್ಜೆಯ ದೊಡ್ಡ ವಿಶ್ವವಿದ್ಯಾಲಯಗಳು. ಪ್ರತಿಯೊಂದರ ಮುಂದೆಯೂ ‘ಸ್ಕಾಲರ್‌ಶಿಪ್ ಲಭ್ಯ’ ಎಂದು ಬರೆದಿತ್ತು. ಒಂದು ಕಡೆ ವರ್ಷಕ್ಕೆ 20 ಸಾವಿರ ಡಾಲರ್ ಎಂದಿತ್ತು. ಕೇಳುವುದಕ್ಕೆ ದೊಡ್ಡ ಮೊತ್ತವೇ ಸರಿ. ಆದರೆ ಆ ಸಂಸ್ಥೆಯಲ್ಲಿ ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕ, ವಿಮೆ ಎಲ್ಲ ಸೇರಿ ವರ್ಷಕ್ಕೆ 55 ಸಾವಿರ ಡಾಲರ್ ಆಗುತ್ತಿತ್ತು. ಉಳಿಯುವ 35 ಸಾವಿರವನ್ನು ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ ವರ್ಷಕ್ಕೆ ಸುಮಾರು 30 ಲಕ್ಷ, ನಾಲ್ಕು ವರ್ಷಕ್ಕೆ 1 ಕೋಟಿ 19 ಲಕ್ಷ. ಅಣ್ಣ ಈ ಲೆಕ್ಕವನ್ನು ಕೇಳಿ, ‘ಇದು ಸ್ಕಾಲರ್‌ಶಿಪ್ಪಾ, ರಿಯಾಯಿತಿಯಾ?’ ಎಂದು ಕೇಳಿದ. ಆ ಪ್ರಶ್ನೆ ಸರಿಯಾಗಿಯೇ ಇತ್ತು. ಎಷ್ಟು ಕೊಡುತ್ತಾರೆ ಎಂಬ ಅಂಕಿಯಿಂದ ನೆರವು ಬೇಕಿರುವ ಕುಟುಂಬಕ್ಕೆ ಏನೂ ತಿಳಿಯುವುದಿಲ್ಲ. ಕೊಟ್ಟ ಮೇಲೆ ನಮ್ಮ ಕೈಯಿಂದ ಎಷ್ಟು ಹೋಗುತ್ತದೆ ಎಂಬುದನ್ನೇ ಕೇಳಬೇಕು.

ಕನ್ಸಲ್ಟೆನ್ಸಿ ಕೊಟ್ಟ ಇನ್ನೊಂದು ಸಲಹೆಯನ್ನು ನಾನು ಇನ್ನೂ ಗಂಭೀರವಾಗಿ ಆಕ್ಷೇಪಿಸುತ್ತೇನೆ. ‘ಮೊದಲು ನೆರವು ಬೇಡವೆಂದು ಅರ್ಜಿ ಹಾಕಿ, ಸೀಟು ಸಿಗುವುದು ಸುಲಭವಾಗುತ್ತದೆ, ಹೋದ ಮೇಲೆ ಎರಡನೆಯ ವರ್ಷದಿಂದ ಕೇಳಿಕೊಳ್ಳಬಹುದು’ ಎಂದು ಅವರು ಹೇಳಿದರು. ಇದು ಅಪಾಯಕಾರಿ ಮಾತು. ಪ್ರವೇಶದ ಅರ್ಜಿಯ ಜೊತೆಯಲ್ಲಿಯೇ ನೆರವನ್ನು ಕೇಳದ ವಿದೇಶಿ ವಿದ್ಯಾರ್ಥಿ ಮುಂದಿನ ವರ್ಷಗಳಲ್ಲಿ ಕೇಳುವಂತಿಲ್ಲ ಎಂದು ಅಮೆರಿಕದ ಅನೇಕ ಕಾಲೇಜುಗಳು ತಮ್ಮ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿರುತ್ತವೆ. ಒಂದು ವರ್ಷದ ಖರ್ಚನ್ನು ಹೇಗೋ ಹೊಂದಿಸಿ ಕಳಿಸಿದ ಮಗು ಎರಡನೆಯ ವರ್ಷಕ್ಕೆ ಹಣವಿಲ್ಲದೆ ಓದು ಬಿಟ್ಟು ಬರಬೇಕಾದ ಸ್ಥಿತಿಯನ್ನು ಈ ಸಲಹೆ ತಂದೊಡ್ಡಬಲ್ಲದು. ಪಿ.ಯು. ವಿದ್ಯಾರ್ಥಿಗಳಿರುವ ಮನೆಯವರು ಯಾವ ಕಚೇರಿಯಲ್ಲಿ ಈ ಮಾತನ್ನು ಕೇಳಿದರೂ ಅಲ್ಲಿಂದ ಎದ್ದು ಬರಬೇಕೆಂದು ನನ್ನ ಪ್ರಾರ್ಥನೆ.

ಇಂಥ ಪಟ್ಟಿಗಳು ಏಕೆ ಹೀಗಿರುತ್ತವೆ ಎಂಬುದಕ್ಕೆ ಕಾರಣವಿದೆ, ಅದನ್ನು ತಿಳಿದಿರುವುದು ಒಳ್ಳೆಯದು. ಅಮೆರಿಕದ ವಿದ್ಯಾರ್ಥಿಗಳನ್ನು ಸೇರಿಸಿದ್ದಕ್ಕೆ ತಲೆಗಿಷ್ಟು ಎಂದು ಕಮಿಷನ್ ಕೊಡುವುದನ್ನು ಅಲ್ಲಿನ ಕೇಂದ್ರ ಕಾನೂನು ನಿರ್ಬಂಧಿಸುತ್ತದೆ. ಆದರೆ ವಿದೇಶದಲ್ಲಿರುವ ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಆ ನಿರ್ಬಂಧವಿಲ್ಲ. ಹಾಗಾಗಿ ಪೂರ್ತಿ ಶುಲ್ಕ ಕಟ್ಟುವ ವಿದೇಶಿಯರನ್ನು ಹುಡುಕುವ ಸಂಸ್ಥೆಗಳು ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಬಡ ವಿದ್ಯಾರ್ಥಿಗೆ ತಾನೇ ಹಣ ಕೊಟ್ಟು ಓದಿಸುವ ಕಾಲೇಜಿಗೆ ಏಜೆಂಟರ ಅಗತ್ಯವೇ ಇಲ್ಲ, ಅಲ್ಲಿಗೆ ಅರ್ಜಿಗಳು ತಾವಾಗಿಯೇ ಸಾವಿರಗಟ್ಟಲೆ ಬರುತ್ತವೆ. ಕಮಿಷನ್ ಕೊಡುವ ಸಂಸ್ಥೆಗಳ ಪಟ್ಟಿ ಮತ್ತು ಬಡ ವಿದ್ಯಾರ್ಥಿಗೆ ಹಣ ಕೊಡುವ ಸಂಸ್ಥೆಗಳ ಪಟ್ಟಿ ಒಂದಕ್ಕೊಂದು ತಾಳೆಯಾಗದಿರುವುದು ಈ ಕಾರಣದಿಂದ. ಕನ್ಸಲ್ಟೆನ್ಸಿಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಆದಾಯದ ಮೂಲ ನಮ್ಮ ಅಗತ್ಯಕ್ಕೆ ವಿರುದ್ಧ ದಿಕ್ಕಿನಲ್ಲಿದೆ, ಅಷ್ಟೇ.

ಎಜುಕೇಷನ್‌ಯುಎಸ್‌ಎ ಈ ವಿಷಯದಲ್ಲಿ ಪೂರ್ತಿ ಬೇರೆ. ಅದು ಕಮಿಷನ್ ಏಜೆಂಟರೊಡನೆ ವ್ಯವಹರಿಸುವುದಿಲ್ಲ, ಯಾವ ಕಾಲೇಜನ್ನೂ ಇದೇ ಶ್ರೇಷ್ಠವೆಂದು ಹೇಳುವುದಿಲ್ಲ, ಸಲಹೆಗೆ ಹಣ ಕೇಳುವುದಿಲ್ಲ. ಭಾರತದಲ್ಲಿ ಅದರ ಕೆಲವು ಕೇಂದ್ರಗಳನ್ನು ಫುಲ್‌ಬ್ರೈಟ್ ವಿದ್ಯಾರ್ಥಿವೇತನಗಳನ್ನು ನಡೆಸುವ ಯು.ಎಸ್.ಐ.ಇ.ಎಫ್. ಸಂಸ್ಥೆ ನೋಡಿಕೊಳ್ಳುತ್ತದೆ, ಬೆಂಗಳೂರಿನ ಕೇಂದ್ರವನ್ನು ಯಶ್ನ ಟ್ರಸ್ಟ್ ನಡೆಸುತ್ತದೆ. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಕೇಂದ್ರವಿಲ್ಲದಿದ್ದರೂ ಬಹಳಷ್ಟು ಕಾರ್ಯಕ್ರಮಗಳು ಆನ್‌ಲೈನಿನಲ್ಲಿ ನಡೆಯುವುದರಿಂದ ಊರಿನಲ್ಲಿ ಕುಳಿತೇ ಭಾಗವಹಿಸಬಹುದು. ಮೊಬೈಲಿಗೆ ಅದರದೇ ಆದ ಉಚಿತ ಆ್ಯಪ್ ಕೂಡ ಇದೆ.

ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಕ್ರಮ. ಅಮೆರಿಕದಲ್ಲಿ ಓದುವ ಪ್ರಯತ್ನವನ್ನು ಅವರು ಐದು ಹಂತಗಳಾಗಿ ವಿಂಗಡಿಸಿದ್ದಾರೆ: ಆಯ್ಕೆಗಳನ್ನು ಹುಡುಕುವುದು, ಹಣದ ವ್ಯವಸ್ಥೆ, ಅರ್ಜಿ, ವೀಸಾ, ಪ್ರಯಾಣದ ಸಿದ್ಧತೆ. ಹಣದ ವ್ಯವಸ್ಥೆ ಎರಡನೆಯ ಹಂತ, ಅರ್ಜಿಗಿಂತ ಮುಂಚೆ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ: ಮೊದಲು ಸೀಟು, ಆಮೇಲೆ ದುಡ್ಡಿನ ಯೋಚನೆ. ಇಂಜಿನಿಯರಿಂಗ್ ಸೀಟಿಗೆ ಈ ಕ್ರಮ ನಡೆಯಬಹುದು, ಏಕೆಂದರೆ ಇಲ್ಲಿ ಶುಲ್ಕ ಮೊದಲೇ ಗೊತ್ತಿರುತ್ತದೆ. ಅಮೆರಿಕದ ಖಾಸಗಿ ಕಾಲೇಜಿನಲ್ಲಿ ಒಂದೇ ತರಗತಿಯಲ್ಲಿ ಕುಳಿತ ಇಬ್ಬರಲ್ಲಿ ಒಬ್ಬರು ವರ್ಷಕ್ಕೆ 90 ಸಾವಿರ ಡಾಲರ್ ಕಟ್ಟುತ್ತಿರಬಹುದು, ಇನ್ನೊಬ್ಬರು ಎರಡು ಸಾವಿರ ಕಟ್ಟುತ್ತಿರಬಹುದು. ಯಾರು ಎಷ್ಟು ಕಟ್ಟಬೇಕೆಂಬುದು ಕುಟುಂಬದ ಆದಾಯದ ಮೇಲೂ ಆ ಕಾಲೇಜಿನ ನೀತಿಯ ಮೇಲೂ ನಿಂತಿರುತ್ತದೆ.

ಆ ನೀತಿಗಳನ್ನು ಸಲಹೆಗಾರರು ನಮಗೆ ಬಿಡಿಸಿ ಹೇಳಿದ ರೀತಿ ಬಹಳ ಉಪಯುಕ್ತವಾಯಿತು. ಕೆಲವು ಕಾಲೇಜುಗಳನ್ನು ನೀಡ್ ಬ್ಲೈಂಡ್ ಎನ್ನುತ್ತಾರೆ. ಅಲ್ಲಿ ಪ್ರವೇಶ ಕೊಡುವಾಗ ವಿದ್ಯಾರ್ಥಿಗೆ ನೆರವು ಬೇಕೋ ಬೇಡವೋ ಎಂಬುದನ್ನು ನೋಡುವುದಿಲ್ಲ. ಅಮೆರಿಕದ ಪ್ರಜೆಗಳಿಗೆ ಈ ನೀತಿ ಇರುವ ಕಾಲೇಜುಗಳು ಬಹಳಷ್ಟಿವೆ; ಆದರೆ ವಿದೇಶಿಯರಿಗೂ ಇದನ್ನೇ ಅನ್ವಯಿಸಿ, ಜೊತೆಗೆ ಅಗತ್ಯವಿರುವ ಪೂರ್ತಿ ನೆರವನ್ನೂ ಕೊಡುವವು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ., ಆಮ್‌ಹರ್ಸ್ಟ್ ಮೊದಲಿನಿಂದ ಈ ಗುಂಪಿನಲ್ಲಿವೆ. 2022ರಲ್ಲಿ ಡಾರ್ಟ್ಮತ್ ಮತ್ತು ಬೋಡನ್ ಸೇರಿಕೊಂಡವು, ಅನಂತರ ಬ್ರೌನ್ ಮತ್ತು ನೋಟರ್‌ಡೇಮ್ ಕೂಡ. ಇವುಗಳಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ.ಗಳು ಅರ್ಜಿ ಹಾಕಿದ ನೂರು ಮಂದಿಯಲ್ಲಿ ಐವರಿಗೂ ಪ್ರವೇಶ ಕೊಡುವುದಿಲ್ಲ. ಹೀಗಾಗಿ ಇವುಗಳನ್ನೇ ನೆಚ್ಚಿ ಕುಳಿತರೆ ಯಾವುದೂ ಸಿಗದೆ ಹೋಗುವ ಸಂಭವವೇ ಹೆಚ್ಚು.

ಎರಡನೆಯ ಗುಂಪು ನೀಡ್ ಅವೇರ್ ಕಾಲೇಜುಗಳದು. ಇಲ್ಲಿ ನೆರವು ಕೇಳಿದ್ದನ್ನು ಪ್ರವೇಶದ ತೀರ್ಮಾನದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಹಾಗಾಗಿ ಹೆಚ್ಚು ನೆರವು ಬೇಕಿರುವವರಿಗೆ ಪೈಪೋಟಿ ಹೆಚ್ಚು. ಆದರೂ ಇವುಗಳಲ್ಲಿ ಒಂದಷ್ಟು ಕಾಲೇಜುಗಳು ಪ್ರವೇಶ ಕೊಟ್ಟವರಿಗೆ ಅಗತ್ಯವಿರುವ ಹಣವನ್ನು ಪೂರ್ತಿಯಾಗಿ ಕೊಡುತ್ತವೆ. ವಿಲಿಯಮ್ಸ್, ಸ್ವಾರ್ತ್‌ಮೋರ್, ಪೊಮೋನ, ಮಿಡಲ್‌ಬರಿ, ವಾಸರ್ ಇವೆಲ್ಲ ಹಾಗಿರುವ ಚಿಕ್ಕ ಕಾಲೇಜುಗಳು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸ್ಟ್ಯಾನ್‌ಫರ್ಡ್, ಕೊಲಂಬಿಯ, ಡ್ಯೂಕ್ ಇವೆ. ಮೈಸೂರಿನಲ್ಲಿ ಯಾರನ್ನೇ ಕೇಳಿದರೂ ಸ್ಟ್ಯಾನ್‌ಫರ್ಡ್ ಗೊತ್ತು, ಸ್ವಾರ್ತ್‌ಮೋರ್ ಗೊತ್ತಿಲ್ಲ. ಈ ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜುಗಳ ಹೆಸರಿನಲ್ಲಿ ‘ಆರ್ಟ್ಸ್’ ಎಂಬುದನ್ನು ಕೇಳಿ ವಿಜ್ಞಾನದ ಮಕ್ಕಳ ತಂದೆತಾಯಿ ದೂರ ಸರಿಯುತ್ತಾರೆ. ವಾಸ್ತವದಲ್ಲಿ ಅಲ್ಲಿ ಭೌತವಿಜ್ಞಾನ, ಗಣಿತ, ಕಂಪ್ಯೂಟರ್ ವಿಜ್ಞಾನ, ಜೀವವಿಜ್ಞಾನ ಎಲ್ಲವೂ ಇರುತ್ತವೆ. ಅಲ್ಲಿರುವವರು ಹೆಚ್ಚುಕಡಿಮೆ ಎಲ್ಲರೂ ಪದವಿ ವಿದ್ಯಾರ್ಥಿಗಳೇ ಆದುದರಿಂದ ಪ್ರಯೋಗಾಲಯದಲ್ಲಿ ಪ್ರಾಧ್ಯಾಪಕರೊಡನೆ ನೇರವಾಗಿ ಕೆಲಸ ಮಾಡುವ ಅವಕಾಶವೂ ಅವರಿಗೇ ಸಿಗುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೂ ಒಂದು ಬಾಗಿಲಿದೆ. ಮ್ಯಾಸಚೂಸೆಟ್ಸ್ ರಾಜ್ಯದ ಸ್ಮಿತ್ ಮತ್ತು ಮೌಂಟ್ ಹೋಲಿಯೋಕ್, ಪೆನ್ಸಿಲ್ವೇನಿಯದ ಬ್ರಿನ್ ಮಾರ್ ಮಹಿಳಾ ಕಾಲೇಜುಗಳು, ವಿದೇಶಿ ವಿದ್ಯಾರ್ಥಿನಿಯರಿಗೆ ಉದಾರವಾಗಿ ನೆರವು ಕೊಡುವಂಥವು. ಮಹಾರಾಣಿ ಕಾಲೇಜಿನಲ್ಲಿ ಅಜ್ಜಿ, ಅಮ್ಮ, ಮಗಳು ಮೂರು ತಲೆಮಾರು ಓದಿದ ಮನೆಗಳಿರುವ ಮೈಸೂರಿನಲ್ಲಿ ಈ ಕಾಲೇಜುಗಳ ಹೆಸರು ಇಷ್ಟು ಅಪರಿಚಿತವಾಗಿರುವುದು ನನಗೆ ಬೇಸರ ತರುತ್ತದೆ. ನಮ್ಮ ಅತ್ತಿಗೆ ಮಗಳನ್ನು ಅಷ್ಟು ದೂರ ಕಳಿಸಲು ಒಪ್ಪಿದ್ದೇ ಇಂಥ ಕಾಲೇಜುಗಳ ವಿಷಯ ತಿಳಿದ ಮೇಲೆ.

ಮೂರನೆಯ ಗುಂಪಿನವರು ಪ್ರವೇಶ ಕೊಡುತ್ತಾರೆ, ಅಗತ್ಯದ ಒಂದು ಭಾಗ ಮಾತ್ರ ಕೊಡುತ್ತಾರೆ. ಅಮೆರಿಕದ ಕಾಲೇಜುಗಳಲ್ಲಿ ಬಹುಸಂಖ್ಯೆಯವು ಇಂಥವೇ. ಕೊನೆಯದಾಗಿ, ಸರ್ಕಾರಿ ವಿಶ್ವವಿದ್ಯಾಲಯಗಳು. ಅವುಗಳ ಹಣ ಆಯಾ ರಾಜ್ಯದ ತೆರಿಗೆದಾರರದ್ದಾದುದರಿಂದ ಹೊರಗಿನವರಿಗೆ ಅಗತ್ಯ ಆಧಾರಿತ ನೆರವು ಬಹುತೇಕ ಸಿಗುವುದಿಲ್ಲ. ಬರ್ಕ್ಲಿ, ಲಾಸ್ ಏಂಜಲಿಸ್ ಮೊದಲಾದ ಕ್ಯಾಂಪಸ್‌ಗಳಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಹೊರಗಿನವರಿಂದ ಸಾಮಾನ್ಯ ಶುಲ್ಕದ ಮೇಲೆ ವರ್ಷಕ್ಕೆ 30 ಸಾವಿರ ಡಾಲರಿಗೂ ಹೆಚ್ಚು ಹೆಚ್ಚುವರಿ ಶುಲ್ಕ ಪಡೆಯುತ್ತದೆ. ನೆರವು ಬೇಕಿರುವ ವಿದ್ಯಾರ್ಥಿಯ ಪಟ್ಟಿಯಲ್ಲಿ ಬರ್ಕ್ಲಿ ಇದ್ದರೆ ಆ ಪಟ್ಟಿಯನ್ನು ಮಾಡಿದವರು ಹಣದ ವಿಷಯ ಯೋಚಿಸಿಲ್ಲವೆಂದೇ ಅರ್ಥ.

ಇವೆಲ್ಲಕ್ಕಿಂತ ಭಿನ್ನವಾಗಿ ನಿಲ್ಲುವುದು ಕೆಂಟಕಿ ರಾಜ್ಯದ ಬೆರಿಯಾ ಕಾಲೇಜು. 1855ರಲ್ಲಿ ಆರಂಭವಾದ ಈ ಕಾಲೇಜು ಬೋಧನಾ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನಲ್ಲಿ ದುಡಿಯಬೇಕು. ಪ್ರತಿವರ್ಷ ಕೆಲವೇ ವಿದೇಶಿಯರನ್ನು ತೆಗೆದುಕೊಳ್ಳುತ್ತಾರೆ, ಅವರಿಗೆ ಮೊದಲ ವರ್ಷದ ಖರ್ಚಿನ ಭಾರವಿರದಂತೆ ನೋಡಿಕೊಳ್ಳುತ್ತಾರೆ. ಹೊಲದಲ್ಲಿ ದುಡಿದು ಗೊತ್ತಿರುವ ಮನೆಯ ಮಕ್ಕಳಿಗೆ ಇದಕ್ಕಿಂತ ಹೊಂದುವ ಕಾಲೇಜು ಇನ್ನೊಂದಿಲ್ಲವೆಂದು ನನ್ನ ಭಾವನೆ. ಕನ್ಸಲ್ಟೆನ್ಸಿಯ ಪಟ್ಟಿಯಲ್ಲಿ ಇದರ ಹೆಸರು ಇರಲಿಲ್ಲ.

ಹಾಗೆಯೇ ಭಾರತೀಯರಿಗೆಂದೇ ಇರುವ ನಿಧಿಗಳನ್ನು ತಿಳಿದಿರಬೇಕು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಟಾಟಾ ಟ್ರಸ್ಟ್ 2008ರಲ್ಲಿ ಕೊಟ್ಟ 2.5 ಕೋಟಿ ಡಾಲರ್‌ನ ದತ್ತಿಯಿಂದ ನಡೆಯುವ ಟಾಟಾ ವಿದ್ಯಾರ್ಥಿವೇತನವಿದೆ. ಭಾರತದ ಪ್ರಜೆಗಳಾಗಿದ್ದು ಭಾರತದಲ್ಲಿಯೇ ಪ್ರೌಢಶಾಲಾ ವ್ಯಾಸಂಗ ಮಾಡಿದವರಿಗೆ ಅದು ಮೀಸಲು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ವೆಸ್ಲಿಯನ್ ವಿಶ್ವವಿದ್ಯಾಲಯದ ಫ್ರೀಮನ್ ಏಷ್ಯನ್ ವಿದ್ಯಾರ್ಥಿವೇತನದ ಹೆಸರಿನಲ್ಲಿ ಏಷ್ಯಾ ಇದ್ದರೂ ಅದು ಪೂರ್ವ ಮತ್ತು ಆಗ್ನೇಯ ಏಷ್ಯಾದ ನಿಗದಿತ ದೇಶಗಳಿಗೆ ಸೇರಿದ್ದು, ಭಾರತ ಆ ಪಟ್ಟಿಯಲ್ಲಿಲ್ಲ. ಅಮೆರಿಕದ ಸರ್ಕಾರ ತನ್ನ ವಿದ್ಯಾರ್ಥಿಗಳಿಗೆ ಕೊಡುವ ನೆರವಿನ ಅರ್ಜಿಯಾದ ಫಾಫ್ಸಾ ಕೂಡ ನಮ್ಮ ಮಕ್ಕಳಿಗಲ್ಲ. ಕಾಲೇಜುಗಳು ತಮ್ಮ ಜಾಲತಾಣದಲ್ಲಿ ಇಟ್ಟಿರುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಎಂಬ ಲೆಕ್ಕಯಂತ್ರವೂ ಸಾಮಾನ್ಯವಾಗಿ ಅಲ್ಲಿನ ಪ್ರಜೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಅದರಲ್ಲಿ ರೂಪಾಯಿಯನ್ನು ಡಾಲರಿಗೆ ತಿರುಗಿಸಿ ಹಾಕಿ ಬಂದ ಉತ್ತರವನ್ನು ನಂಬಬಾರದು.

ಎಜುಕೇಷನ್‌ಯುಎಸ್‌ಎ ಸೇವೆಯಿಂದ ನಾವು ಕಲಿತ ಅತ್ಯಂತ ಬೆಲೆಯುಳ್ಳ ವಿದ್ಯೆ ಕಾಮನ್ ಡೇಟಾ ಸೆಟ್ ಓದುವುದು. ಅಮೆರಿಕದ ಬಹಳಷ್ಟು ಕಾಲೇಜುಗಳು ತಮ್ಮ ಅಂಕಿಅಂಶಗಳನ್ನು ಒಂದೇ ಮಾದರಿಯ ನಮೂನೆಯಲ್ಲಿ ಪ್ರತಿವರ್ಷ ಪ್ರಕಟಿಸುತ್ತವೆ. ಕಾಲೇಜಿನ ಹೆಸರಿನೊಡನೆ ಈ ನಮೂನೆಯ ಹೆಸರನ್ನು ಸೇರಿಸಿ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಅದರ ‘ಬಿ’ ವಿಭಾಗದಲ್ಲಿ ಎಷ್ಟು ವಿದೇಶಿ ವಿದ್ಯಾರ್ಥಿಗಳಿದ್ದಾರೆ ಎಂಬುದಿರುತ್ತದೆ. ‘ಎಚ್’ ವಿಭಾಗದ ಆರನೆಯ ಪ್ರಶ್ನೆಯಲ್ಲಿ ಆ ವಿದೇಶಿಯರಲ್ಲಿ ಎಷ್ಟು ಮಂದಿಗೆ ಕಾಲೇಜು ನೆರವು ಕೊಟ್ಟಿತು, ಸರಾಸರಿ ಎಷ್ಟು ಡಾಲರ್, ಒಟ್ಟು ಎಷ್ಟು ಎಂಬುದಿರುತ್ತದೆ. ಒಂದು ಕಾಲೇಜಿನಲ್ಲಿ 300 ವಿದೇಶಿಯರಿದ್ದು ಅವರಲ್ಲಿ 200 ಮಂದಿಗೆ ಸರಾಸರಿ 70 ಸಾವಿರ ಡಾಲರ್ ಸಿಕ್ಕಿದೆ ಎಂದುಕೊಳ್ಳೋಣ; ಇನ್ನೊಂದರಲ್ಲಿ 2,000 ವಿದೇಶಿಯರಿದ್ದು 900 ಮಂದಿಗೆ ಸರಾಸರಿ 12 ಸಾವಿರ ಸಿಕ್ಕಿದೆ ಎಂದುಕೊಳ್ಳೋಣ. ಎರಡನೆಯದರ ಜಾಹೀರಾತಿನಲ್ಲಿ ‘900 ವಿದೇಶಿಯರಿಗೆ ವಿದ್ಯಾರ್ಥಿವೇತನ’ ಎಂದು ಅಚ್ಚಾಗಬಹುದು, ಆದರೆ ಬಡ ವಿದ್ಯಾರ್ಥಿ ಅರ್ಜಿ ಹಾಕಬೇಕಾದದ್ದು ಮೊದಲನೆಯದಕ್ಕೆ. ಅಣ್ಣನ ಮಗಳು ಈ ಎರಡು ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಕಾಲೇಜುವಾರು ಬರೆದುಕೊಂಡು ತಾನೇ ಪಟ್ಟಿ ಮಾಡಿಕೊಂಡಳು. ಆ ಪಟ್ಟಿಯಲ್ಲಿ ರ‍್ಯಾಂಕಿಂಗ್ ಎಂಬ ಕಾಲಮ್ಮೇ ಇರಲಿಲ್ಲ. ಲಕ್ಷ ರೂಪಾಯಿ ಮೀರಿದ ಪ್ಯಾಕೇಜಿನ ಕನ್ಸಲ್ಟೆನ್ಸಿಯಲ್ಲಿ ಈ ನಮೂನೆಯ ಹೆಸರನ್ನು ಯಾರೂ ಎತ್ತಿರಲಿಲ್ಲ ಎಂಬುದನ್ನು ನಾನು ದುಃಖದಿಂದ ಹೇಳಬೇಕಾಗಿದೆ.

ಇನ್ನು ಸಿ.ಎಸ್.ಎಸ್. ಪ್ರೊಫೈಲ್. ಕಾಲೇಜ್ ಬೋರ್ಡ್ ಸಂಸ್ಥೆಯ ಈ ಆನ್‌ಲೈನ್ ಅರ್ಜಿ ಪ್ರತಿವರ್ಷ ಅಕ್ಟೋಬರ್ 1ರಂದು ತೆರೆಯುತ್ತದೆ. ಕುಟುಂಬದ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಇದರಲ್ಲಿ ಕೇಳುತ್ತಾರೆ. ಮೊದಲ ಕಾಲೇಜಿಗೆ ಕಳಿಸಲು 25 ಡಾಲರ್, ಮುಂದಿನ ಪ್ರತಿಯೊಂದಕ್ಕೆ 16 ಡಾಲರ್. ಹತ್ತು ಕಾಲೇಜಿಗೆ ಕಳಿಸಿದರೆ 169 ಡಾಲರ್, ಅಂದರೆ 14 ಸಾವಿರ ರೂಪಾಯಿ ದಾಟುತ್ತದೆ. ನೆರವು ಕೇಳುವುದಕ್ಕೇ ಇಷ್ಟು ಹಣವೇ ಎಂದು ಅನ್ನಿಸುವುದು ಸಹಜ. ಆದರೆ ಕಾಲೇಜಿನ ಹಣಕಾಸು ನೆರವಿನ ಕಚೇರಿಗೆ ಮನೆಯ ಸ್ಥಿತಿಯನ್ನು ವಿವರಿಸಿ ಮಿಂಚಂಚೆ ಬರೆದರೆ ಕೆಲವು ಕಾಲೇಜುಗಳು ಶುಲ್ಕ ವಿನಾಯಿತಿಯ ಸಂಕೇತ ಕಳಿಸುತ್ತವೆ. ಇನ್ನು ಕೆಲವು ಐ.ಎಸ್.ಎಫ್.ಎ.ಎ. ಎಂಬ ಉಚಿತ ನಮೂನೆಯನ್ನು ತುಂಬಿ ಕಳಿಸಿದರೂ ಸಾಕು ಎನ್ನುತ್ತವೆ. ಪ್ರವೇಶದ ಅರ್ಜಿ ಶುಲ್ಕದ ವಿಷಯದಲ್ಲೂ ಹೀಗೆಯೇ. ಕೇಳಲು ಸಂಕೋಚಪಡಬಾರದು, ಅವರು ಕೇಳುವವರನ್ನು ಕೀಳಾಗಿ ನೋಡುವುದಿಲ್ಲ.

ಅರ್ಜಿಯನ್ನು ರೂಪಾಯಿಯಲ್ಲಿಯೇ ತುಂಬಬಹುದು, ಅದು ಒಳ್ಳೆಯ ಸೌಲಭ್ಯ. ಕಷ್ಟ ಬರುವುದು ನಮ್ಮ ಊರಿನ ಬದುಕನ್ನು ಅದರ ಕಾಲಮ್ಮುಗಳಿಗೆ ಹೊಂದಿಸುವಾಗ. ಸಂಬಳದಾರರಿಗೆ ಫಾರಂ 16 ಇರುತ್ತದೆ, ಆದಾಯ ತೆರಿಗೆಯ ರಿಟರ್ನ್ಸ್ ಇರುತ್ತದೆ. ಕೃಷಿ ಆದಾಯಕ್ಕೆ ನಮ್ಮ ದೇಶದಲ್ಲಿ ಆದಾಯ ತೆರಿಗೆ ಇಲ್ಲ, ಹಾಗಾಗಿ ಅಣ್ಣ ಎಂದೂ ರಿಟರ್ನ್ಸ್ ಸಲ್ಲಿಸಿದವನಲ್ಲ. ಕಬ್ಬಿನ ಹಣ ಕಾರ್ಖಾನೆಯಿಂದ ಯಾವ ತಿಂಗಳು ಬರುತ್ತದೆಂದು ಹೇಳುವಂತಿಲ್ಲ. ಒಂದು ವರ್ಷದ ಬೆಳೆಯ ಹಣ ಇನ್ನೊಂದು ವರ್ಷದಲ್ಲಿ ಬರುವುದುಂಟು. ಅಮೆರಿಕದ ಲೆಕ್ಕ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲಿನಿಂದ ಮಾರ್ಚ್. ಜಮೀನಿನ ಪಹಣಿಯಲ್ಲಿ ಅಣ್ಣನ ಜೊತೆ ದೊಡ್ಡಪ್ಪನ ಮಕ್ಕಳ ಹೆಸರೂ ಜಂಟಿಯಾಗಿದೆ. ಹೆದ್ದಾರಿಗೆ ಹತ್ತಿರವಿರುವುದರಿಂದ ಎಕರೆಯ ಮಾರುಕಟ್ಟೆ ಬೆಲೆ ಕೇಳಿದರೆ ಶ್ರೀಮಂತರಂತೆ ಕಾಣುತ್ತೇವೆ, ವರ್ಷದ ಉತ್ಪನ್ನ ನೋಡಿದರೆ ಮನೆ ನಡೆಸುವುದೇ ಕಷ್ಟ. ಈ ಅರ್ಜಿಯಲ್ಲಿ ಕೃಷಿಯ ಬಗ್ಗೆ ಪ್ರತ್ಯೇಕ ಪ್ರಶ್ನೆಗಳಿದ್ದರೂ ಅವು ಅಮೆರಿಕದ ಜಮೀನ್ದಾರಿಕೆಗೆ ಹೊಂದುವಂಥವು. ಮಂಡ್ಯದ ಎರಡು ಎಕರೆಯ ಜಂಟಿ ಖಾತೆಗೆ ಅವು ಹೊಂದುವುದಿಲ್ಲ.

ಇಲ್ಲಿ ಎಜುಕೇಷನ್‌ಯುಎಸ್‌ಎ ಸಲಹೆಗಾರರ ಮಾತು ಕೈಹಿಡಿಯಿತು. ವಿಶೇಷ ಸಂದರ್ಭಗಳನ್ನು ವಿವರಿಸಲು ಅರ್ಜಿಯ ಕೊನೆಯಲ್ಲಿ ಇರುವ ಜಾಗವನ್ನು ಖಾಲಿ ಬಿಡಬಾರದು ಎಂದರು. ಅಲ್ಲಿ ಜಮೀನಿನ ಜಂಟಿ ಒಡೆತನವನ್ನೂ, ಅಣ್ಣನ ಪಾಲು ಎಷ್ಟೆಂಬುದನ್ನೂ, ಅದನ್ನು ಒಬ್ಬರೇ ಮಾರುವಂತಿಲ್ಲವೆಂಬುದನ್ನೂ, ಕೃಷಿ ಆದಾಯಕ್ಕೆ ಭಾರತದಲ್ಲಿ ತೆರಿಗೆ ರಿಟರ್ನ್ಸ್ ಇರುವುದಿಲ್ಲವೆಂಬುದನ್ನೂ ಸರಳವಾಗಿ ಬರೆದೆವು. ನಾಡಕಚೇರಿಯಿಂದ ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಪಹಣಿಯ ಪ್ರತಿ, ಕಾರ್ಖಾನೆಯ ಕಬ್ಬಿನ ಬಿಲ್ಲುಗಳು, ಸಹಕಾರ ಸಂಘದ ಬೆಳೆಸಾಲದ ಪಾಸ್‌ಬುಕ್ಕು ಇವುಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ಮೂಲದೊಡನೆ ಸೇರಿಸಿದೆವು. ಆದಾಯ ಪ್ರಮಾಣಪತ್ರವೊಂದರಿಂದಲೇ ಕೆಲಸವಾಗುತ್ತದೆಂದು ಭಾವಿಸಬಾರದು. ವಿದ್ಯಾರ್ಥಿವೇತನಕ್ಕೂ ಪಡಿತರ ಚೀಟಿಗೂ ನಮ್ಮಲ್ಲಿ ಅದು ನಡೆಯುತ್ತದೆ. ಅಮೆರಿಕದ ಕಚೇರಿಯವರು ಬ್ಯಾಂಕಿನ ಖಾತೆಯ ವಿವರ ಮತ್ತು ಪ್ರಮಾಣಪತ್ರದ ಅಂಕಿ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುತ್ತಾರೆ. ಆದಾಯವನ್ನು ಕಡಿಮೆ ಬರೆಸುವ ನಮ್ಮ ಊರಿನ ರೂಢಿ ಇಲ್ಲಿ ತೊಂದರೆ ತರುತ್ತದೆ. ಇದ್ದುದನ್ನು ಇದ್ದಂತೆಯೇ ಬರೆಯಿರಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಉಚಿತ ಸೇವೆಗೆ ಮಿತಿಗಳೂ ಇವೆ. ಪ್ರವೇಶದ ಅರ್ಜಿಯ ಜೊತೆ ಕಳಿಸಬೇಕಾದ ಪ್ರಬಂಧವನ್ನು ಅವರು ಬರೆದುಕೊಡುವುದಿಲ್ಲ, ಬರೆದುಕೊಡಲೂ ಬಾರದು. ಪ್ರತಿಯೊಬ್ಬರ ಅರ್ಜಿಯನ್ನೂ ಸಾಲುಸಾಲಾಗಿ ತಿದ್ದುವುದು ಅವರ ಕೆಲಸವಲ್ಲ. ಯಾವ ಕಾಲೇಜಿಗೆ ಹಾಕಲಿ ಎಂದು ನೇರವಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಹೇಗೆ ಹುಡುಕಬೇಕೆಂದು ತೋರಿಸುತ್ತಾರೆ, ಹುಡುಕುವ ಕೆಲಸ ನಮ್ಮದು. ಮನೆಯಲ್ಲಿ ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವ ಒಬ್ಬರಾದರೂ ಇಲ್ಲದಿದ್ದರೆ ಇದರ ಪೂರ್ತಿ ಲಾಭ ಪಡೆಯುವುದು ಕಷ್ಟ. ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆಗಳ ಸರ್ಕಾರಿ ಪಿ.ಯು. ಕಾಲೇಜಿನ ಮಕ್ಕಳಿಗೆ ಕನ್ನಡದಲ್ಲಿಯೂ ಇಂಥ ವಿವರಣೆ ಸಿಗುವಂತಾಗಬೇಕು ಎಂಬುದು ನನ್ನ ಬಲವಾದ ಬೇಡಿಕೆ.

ಶಾಲೆಯ ಕಡೆಯಿಂದ ಆಗಬೇಕಾದ ಕೆಲಸವನ್ನು ಯಾವ ಸಲಹಾ ಸೇವೆಯೂ ಮಾಡಿಕೊಡಲಾರದು. ಅನೇಕ ಕಾಲೇಜುಗಳಿಗೆ ಒಂದೇ ಅರ್ಜಿಯಾಗಿರುವ ಕಾಮನ್ ಆ್ಯಪ್ ಮೂಲಕ ಅರ್ಜಿ ಹಾಕುವವರು ಒಂಬತ್ತನೆಯ ತರಗತಿಯಿಂದ ಮುಂದಿನ ಎಲ್ಲ ಅಂಕಗಳನ್ನು ತೋರಿಸಬೇಕು. ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ವರೆಗೆ ಒಂದು ಶಾಲೆ, ಪಿ.ಯು.ಗೆ ಇನ್ನೊಂದು ಕಾಲೇಜು ಆಗಿರುವುದರಿಂದ ದಾಖಲೆಗಳನ್ನು ಎರಡು ಕಡೆಯಿಂದ ತರಬೇಕಾಗುತ್ತದೆ. ಪ್ರಾಂಶುಪಾಲರು ಶಾಲೆಯ ವರದಿ ತುಂಬಬೇಕು, ಇಬ್ಬರು ಉಪನ್ಯಾಸಕರು ಶಿಫಾರಸು ಪತ್ರ ಬರೆಯಬೇಕು, ನಡುವರ್ಷದ ಅಂಕಗಳನ್ನೂ ಕಳಿಸಬೇಕು. ವಿದ್ಯಾರ್ಥಿ ತಾನೇ ಬರೆದುಕೊಂಡು ಬಂದ ಪತ್ರಕ್ಕೆ ಸಹಿ ಹಾಕಿಕೊಡುವ ಅಭ್ಯಾಸ ನಮ್ಮ ಕಾಲೇಜುಗಳಲ್ಲಿದೆ. ಅದನ್ನು ಬಿಡಬೇಕು. ಆ ಮಗು ಪ್ರಯೋಗಾಲಯದಲ್ಲಿ ಏನು ಮಾಡಿತು, ತರಗತಿಯಲ್ಲಿ ಯಾವ ಪ್ರಶ್ನೆ ಕೇಳಿತು ಎಂದು ಉಪನ್ಯಾಸಕರು ತಾವೇ ಬರೆದ ಒಂದು ಪುಟಕ್ಕೆ ಇರುವ ಬೆಲೆ ದೊಡ್ಡ ಮಾತುಗಳ ಹೊಗಳಿಕೆಗೆ ಇರುವುದಿಲ್ಲ.

ಮಾರ್ಚ್ ತಿಂಗಳಲ್ಲಿ ಉತ್ತರಗಳು ಬಂದಾಗ ಹೆಚ್ಚಿನವು ನಿರಾಕರಣೆಗಳೇ ಆಗಿದ್ದವು. ಒಂದು ಕಾಲೇಜು ಪ್ರವೇಶ ಕೊಟ್ಟು ಅಗತ್ಯದ ಅರ್ಧದಷ್ಟು ನೆರವು ಕೊಟ್ಟಿತು; ಪತ್ರ ಬರೆದು ಮರುಪರಿಶೀಲನೆಗೆ ಕೇಳಿದರೂ ಹೆಚ್ಚಿಸಲಾಗಲಿಲ್ಲ, ಹಾಗಾಗಿ ಅದನ್ನು ಬಿಟ್ಟೆವು. ಇನ್ನೊಂದು ಚಿಕ್ಕ ಕಾಲೇಜು ಬೋಧನೆ, ವಸತಿ, ಊಟ ಎಲ್ಲವನ್ನೂ ಬಹುತೇಕ ತಾನೇ ಭರಿಸಿ, ಉಳಿದ ಸ್ವಲ್ಪವನ್ನು ಕ್ಯಾಂಪಸ್ಸಿನ ಕೆಲಸದಿಂದ ಸಂಪಾದಿಸಿಕೊಳ್ಳಲು ಅವಕಾಶ ಕೊಟ್ಟಿತು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಯವರೆಗೆ ಮಾತ್ರ ಕ್ಯಾಂಪಸ್ಸಿನಲ್ಲಿ ದುಡಿಯಬಹುದಾದುದರಿಂದ ಈ ಸಂಪಾದನೆಯಿಂದ ಶುಲ್ಕ ಕಟ್ಟಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ, ಕೈಖರ್ಚಿಗೆ ಸಾಕಾಗುತ್ತದೆ ಅಷ್ಟೇ. ಪೂರ್ತಿ ನೆರವು ಸಿಕ್ಕಿದರೂ ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ಸೆವಿಸ್ ವ್ಯವಸ್ಥೆಯ ಶುಲ್ಕ 350 ಡಾಲರ್, ವೀಸಾ ಅರ್ಜಿಯ 185 ಡಾಲರ್, ವೀಸಾ ಸಂದರ್ಶನಕ್ಕೆ ಚೆನ್ನೈಗೆ ಹೋಗಿಬರುವ ಖರ್ಚು, ವಿಮಾನದ ಟಿಕೆಟು, ಚಳಿಯ ಬಟ್ಟೆ ಇವುಗಳಿಗಾಗಿ ಒಂದೂವರೆಯಿಂದ ಎರಡು ಲಕ್ಷ ರೂಪಾಯಿಯನ್ನು ಮೊದಲೇ ತೆಗೆದಿಟ್ಟಿರಬೇಕು.

ಹಣದ ನೆರವಿಲ್ಲದೆ ಹೋಗಲಾಗದವರು ಮೈಸೂರು–ಮಂಡ್ಯದಲ್ಲಿದ್ದರೆ ಪ್ರಥಮ ಪಿ.ಯು.ಗೆ ಸೇರಿದ ವರ್ಷವೇ ಎಜುಕೇಷನ್‌ಯುಎಸ್‌ಎ ಸೇವೆಗೆ ಹೆಸರು ಕೊಡಿ ಎಂಬುದು ನನ್ನ ಶಿಫಾರಸು. ಹಣ ಕೊಟ್ಟು ಕನ್ಸಲ್ಟೆನ್ಸಿಗೆ ಹೋಗಲೇಬೇಕೆಂದಿದ್ದರೆ, ಪ್ಯಾಕೇಜಿಗೆ ಸಹಿ ಮಾಡುವ ಮೊದಲು ಅವರ ಪಟ್ಟಿಯ ಪ್ರತಿಯೊಂದು ಕಾಲೇಜಿನಲ್ಲಿ ಕಳೆದ ವರ್ಷ ಎಷ್ಟು ವಿದೇಶಿಯರಿಗೆ ಸರಾಸರಿ ಎಷ್ಟು ನೆರವು ಸಿಕ್ಕಿತೆಂದು ಬರವಣಿಗೆಯಲ್ಲಿ ಕೇಳಿ, ಆ ಕಾಲೇಜುಗಳಲ್ಲಿ ಯಾವುದರಿಂದ ತಮಗೆ ಕಮಿಷನ್ ಬರುತ್ತದೆಂಬುದನ್ನೂ ಕೇಳಿ. ಎರಡಕ್ಕೂ ಲಿಖಿತ ಉತ್ತರ ಕೊಡುವ ಕಚೇರಿ ಸಿಕ್ಕಿದರೆ ಅದರ ಹೆಸರನ್ನು ನನಗೂ ತಿಳಿಸಿ, ನಮ್ಮ ಕಾಲೇಜಿನ ಮಕ್ಕಳನ್ನು ಸಂತೋಷದಿಂದ ಅಲ್ಲಿಗೆ ಕಳಿಸುತ್ತೇನೆ.